ಬೊಲೆಕ್‌ನ ಬಾಯಾರಿಕೆ

ಪಕ್ಕದ ಮನೆಯ ಹಲೀನಾ ಬಾಗಿಲು ಬಡಿದಾಗ ಆಲ್ವಿನ್ ಟೀಗ್ ಹಿತ್ತಿಲ ಮೆಟ್ಟಿಲ ಮೇಲಿನ ಎನಾಮಲ್ ಬಟ್ಟಲಿಗೆ ನೀರು ತುಂಬುತ್ತಿದ್ದ. ಸದ್ದು ಕೇಳಿದ ಕೂಡಲೇ ಅವನು ಮಾಡಿದ ಮೊದಲ ಕೆಲಸವೆಂದರೆ ಬಟ್ಟಲನ್ನು ಕಾಲಿನಿಂದ ಪೊರಕೆಯ ಹಿಂದಕ್ಕೆ ಸರಿಸಿದ್ದು. ಒಂದಿಷ್ಟು ನೀರು ಅವನ ಕಾಲುಚೀಲದ ಮೇಲೆ ಚೆಲ್ಲಿತು. ಮುಂಬಾಗಿಲಲ್ಲಿ ನಿಂತವಳಿಗೆ ಹಿತ್ತಿಲು ಹೇಗೆ ಕಂಡೀತು ಎಂಬ ಯೋಚನೆ ಆಮೇಲೆ ಬಂತು. ಎಪ್ಪತ್ತೊಂದು ವರ್ಷವಾಗಿದೆ ತನಗೆ, ಮೂವತ್ತೆಂಟು ವರ್ಷ ಉಣ್ಣೆ ಗಿರಣಿಯಲ್ಲಿ, ನೂಲಿಗೆ ಬಣ್ಣ ಹಾಕುವ ವಿಭಾಗದಲ್ಲಿ, ನಾಲ್ಕು ಜನ ಗೌರವ ಕೊಡುವ ಹಾಗೆ ದುಡಿದಿದ್ದೇನೆ, ಈಗ ನೀರಿನ ಬಟ್ಟಲೊಂದನ್ನು ಬಚ್ಚಿಡುತ್ತಿದ್ದೇನೆ ಎಂದುಕೊಂಡ. ಹಾಗೆಂದುಕೊಂಡರೂ ಬಟ್ಟಲನ್ನು ಮತ್ತೆ ಈಚೆಗೆ ಎಳೆಯಲಿಲ್ಲ. ಒದ್ದೆ ಕಾಲುಚೀಲದಲ್ಲೇ ಹೋಗಿ ಬಾಗಿಲು ತೆರೆದ.

ಹಲೀನಾಳ ಕೂದಲು ಬಾಚಿರಲಿಲ್ಲ. ಅವಳನ್ನು ಆ ಸ್ಥಿತಿಯಲ್ಲಿ ಅವನು ಒಮ್ಮೆ ಮಾತ್ರ ನೋಡಿದ್ದ, ಅವಳ ಗಂಡ ಜೆನೊನ್‌ನನ್ನು ಆಂಬುಲೆನ್ಸ್ ಒಯ್ದ ಬೆಳಿಗ್ಗೆ.

"ಆಲ್ವಿನ್, ನಿಮ್ಮ ಕಾರು ಸಿಗತ್ತಾ? ಬೊಲೆಕ್‌ಗೆ ಏನೋ ಆಗಿದೆ. ಎದ್ದಾಗಿಂದ ನಾಲ್ಕು ಸಲ ಕಕ್ಕೊಂಡ. ನಿಲ್ಲಿಸಿದ್ರೆ ಹಿಂಗಾಲು ಜಾರ್ತಾ ಇದೆ. ನನ್ನ ಕಾರು ಬ್ರೇಕ್ ಸರಿ ಮಾಡ್ಸೋಕೆ ಕೊಟ್ಟಿದೀನಿ, ನಾಳೆ ಬರತ್ತೆ."

"ಬೊಲೆಕ್‌ಗಾ?" ಎಂದ ಆಲ್ವಿನ್. ಆ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದು ಕಡಿಮೆ. ಬೇಲಿಯಾಚೆಯಿಂದ ಸಂಜೆ ಅವಳು ತನ್ನ ಬೆಕ್ಕನ್ನು ಹಾಗೆ ಕರೆಯುವುದನ್ನು ಕೇಳಿದ್ದ, ಅಷ್ಟೆ. ಅದು ತನ್ನ ಹಿತ್ತಿಲಿಗೂ ಬರುತ್ತಿದ್ದರೂ ತಾನು ಅದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ. ಹೆಸರಿಟ್ಟರೆ ಅದು ಕದ್ದ ಹಾಗಾಗುತ್ತದೆ ಎಂದು ಮೊದಮೊದಲು ಅನ್ನಿಸಿತ್ತು. ಬಂದರೆ "ಏನಪ್ಪಾ" ಅನ್ನುತ್ತಿದ್ದ, ಹೋದರೆ "ಸರಿ" ಅನ್ನುತ್ತಿದ್ದ. ಒಂಬತ್ತು ವರ್ಷ ಹೀಗೇ ನಡೆದಿತ್ತು.

ಟ್ರೆವಾಲಿನ್ ದಿಣ್ಣೆಯ ರಸ್ತೆ ಇಳಿಜಾರಿನದು. ಹಲೀನಾ ಮುಂದಿನ ಸೀಟಿನಲ್ಲಿ ಬೆಕ್ಕಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಅವುಚಿ ಕೂತಿದ್ದಳು. ಕೆಳಗೆ ಟೇಮರ್ ನದಿ ಇಳಿತದಲ್ಲಿತ್ತು, ದಂಡೆಯ ಕೆಸರು ಬೆಳಗಿನ ಬಿಸಿಲಿಗೆ ಸೀಸದ ಬಣ್ಣಕ್ಕೆ ತಿರುಗಿತ್ತು. ಆಲ್ವಿನ್ ಮಾತನಾಡಲಿಲ್ಲ. ಮಾತನಾಡಿದರೆ ಬೆಕ್ಕು ಧ್ವನಿ ಗುರುತು ಹಿಡಿದೀತೆಂಬ ಭಯ ಅವನಿಗೆ. ಅವಳು ಅವನ ಮೌನವನ್ನು ಕಾಳಜಿ ಎಂದುಕೊಂಡಳೋ ಏನೋ, "ನೀವು ಒಳ್ಳೇವ್ರು, ಏನೂ ಕೇಳ್ದೇ ಹೊರಟ್ರಿ" ಎಂದಳು. ಅವನು ಗೇರ್ ಬದಲಿಸಿದ. ಐದು ವರ್ಷದ ಹಿಂದೆ, ಈ ದಕ್ಷಿಣದ ದ್ವೀಪಕ್ಕೆ ನಡು ಚಳಿಗಾಲವಾದ ಜುಲೈ ತಿಂಗಳಲ್ಲಿ, ಇದೇ ಹಲೀನಾ ಅವನ ಬಾಗಿಲಿಗೆ ಬಂದು ಬೆಕ್ಕಿನ ಫೋಟೋ ಹಿಡಿದು ನಿಂತಿದ್ದಳು. ಎರಡು ದಿನದಿಂದ ಬಂದಿಲ್ಲ, ಎಲ್ಲಾದ್ರೂ ಕಂಡ್ರಾ ಎಂದು ಕೇಳಿದ್ದಳು. ಬೆಕ್ಕು ಆಗ ಅವನ ಹಾಸಿಗೆಯ ಮೇಲೆ, ಬಿಸಿನೀರಿನ ಚೀಲಕ್ಕೆ ಬೆನ್ನು ಕೊಟ್ಟು ಮಲಗಿತ್ತು. ಅವನು ಬಾಗಿಲನ್ನು ಮೈಯಿಂದ ಅರ್ಧ ಮುಚ್ಚಿ ಹಿಡಿದು ಫೋಟೋವನ್ನು ಬಹಳ ಹೊತ್ತು ನೋಡಿದ. ಬಣ್ಣ ನೋಡಿ ಅನುಭವವಿದ್ದವನ ಹಾಗೆ, ಬೂದು ಬಣ್ಣದಲ್ಲಿ ಸ್ವಲ್ಪ ಕಂದು ಬೆರೆತಿದೆ ಅಲ್ವಾ ಎಂದೂ ಹೇಳಿದ. ಇಲ್ಲ, ಕಂಡಿಲ್ಲ. ಅವಳು ಹೋದ ಮೇಲೆ ಬೆಕ್ಕನ್ನು ಹೊರಗೆ ಬಿಡಬಹುದಿತ್ತು. ಕೂಡಲೇ ಬಿಟ್ಟರೆ ಅನುಮಾನ ಬರುತ್ತದೆಂದು ಸಂಜೆಯವರೆಗೆ ಇಟ್ಟುಕೊಂಡ. ಆ ಸಂಜೆಯವರೆಗೂ ಜೆನೊನ್ ಹುಲ್ಲಿನ ನಡುವೆ ಬಗ್ಗಿ ಬಗ್ಗಿ ಹುಡುಕುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು.

ಪಶು ಆಸ್ಪತ್ರೆಯ ಮುಂದಿನ ಮೇಜಿನ ಹುಡುಗಿ ಹೆಸರು ಬರೆದುಕೊಂಡು ಪೆಟ್ಟಿಗೆಯ ಬಾಗಿಲು ತೆಗೆದಳು. ಬೆಕ್ಕು ಮೆಲ್ಲನೆ ಹೊರಗೆ ತಲೆ ಹಾಕಿ, ಹಲೀನಾಳನ್ನು ದಾಟಿ, ಬೆಂಚಿನ ಮೇಲೆ ಆಲ್ವಿನ್ ಕೂತಿದ್ದ ಕಡೆಗೆ ಬಂದು ಅವನ ಮೊಣಕೈ ಸಂದಿಗೆ ಹಣೆ ಒತ್ತಿ ನಿಂತಿತು.

"ಅಪ್ಪನ ಮಗ ಇವ್ನು," ಎಂದು ನಕ್ಕಳು ಹುಡುಗಿ.

"ಇವ್ರು ಪಕ್ಕದ ಮನೆಯವ್ರು," ಎಂದಳು ಹಲೀನಾ. ಅವಳೂ ನಕ್ಕಳು. "ಪಾಪ, ಹೆದರಿ ಯಾರು ಏನು ಅಂತ ಗೊತ್ತಾಗ್ತಿಲ್ಲ ಅವನಿಗೆ."

ಆಲ್ವಿನ್ ಬೆಕ್ಕನ್ನು ಮುಟ್ಟಲಿಲ್ಲ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಹಿಡಿದುಕೊಂಡಿದ್ದ. ಕಾರಿಗೆ ಹೋಗಿ ಕೂತಿರುತ್ತೇನೆ ಎಂದು ಹೇಳಬೇಕೆಂದಿದ್ದ, ಅಷ್ಟರಲ್ಲಿ ಒಳಗೆ ಕರೆದರು. "ನೀವೂ ಬನ್ನಿ, ನಾನೊಬ್ಳೇ ಕೇಳಿಸ್ಕೊಂಡ್ರೆ ಅರ್ಧ ಮರ್ತೋಗತ್ತೆ" ಎಂದು ಹಲೀನಾ ಅವನ ತೋಳು ಹಿಡಿದಳು.

ಡಾಕ್ಟರ್ ಟ್ಯಾಮ್ಸಿನ್ ಚಿಕ್ಕ ವಯಸ್ಸಿನವಳು, ಎತ್ತರದ ಹೆಂಗಸು. ಬೆಕ್ಕನ್ನು ತಕ್ಕಡಿಯ ಮೇಲಿಟ್ಟಳು. ಮೂರು ಕಿಲೋ ಏಳುನೂರು. ಹಳೆಯ ದಾಖಲೆ ನೋಡಿದಳು. ಎರಡು ವರ್ಷದ ಹಿಂದೆ ಐದು ಕಿಲೋ ಆರುನೂರು ಇತ್ತು. ಆ ಅಂಕಿಯನ್ನು ಅವಳು ಜೋರಾಗಿ ಹೇಳಲಿಲ್ಲ, ಪರದೆಯನ್ನು ಹಲೀನಾಳ ಕಡೆ ತಿರುಗಿಸಿದಳು, ಅಷ್ಟೆ.

"ಇಷ್ಟು ಇಳ್ದಿದೆ ಅಂತ ಗೊತ್ತಾಗ್ಲಿಲ್ವಾ?"

"ರೋಮ ಜಾಸ್ತಿ ಅಲ್ವಾ ಅವನಿಗೆ. ಮೊದ್ಲಿಂದಾನೂ ಊಟಕ್ಕೆ ತಕರಾರು. ಒಣ ಬಿಸ್ಕೆಟ್ ಹಾಕ್ತೀನಿ, ಅರ್ಧ ಬಿಡ್ತಾನೆ. ಎಷ್ಟು ಥರದ್ದು ತಂದು ನೋಡ್ದೆ. ಯಾವಾಗ ನೋಡಿದ್ರೂ ತಟ್ಟೆ ಅರ್ಧ ತುಂಬಿರತ್ತೆ."

ಅರ್ಧ ತುಂಬಿದ ತಟ್ಟೆ. ಆಲ್ವಿನ್ ಗೋಡೆಯ ಮೇಲಿನ, ನಾಯಿಗಳ ಹೊಟ್ಟೆಹುಳದ ಚಿತ್ರಪಟ ನೋಡತೊಡಗಿದ. ಬೆಳಿಗ್ಗೆ ಏಳಕ್ಕೆ ಎಣ್ಣೆಯ ಸಾರ್ಡೀನ್ ಮೀನು, ಮಧ್ಯಾಹ್ನ ಉಪ್ಪು ಹಾಕಿದ ಹಂದಿಮಾಂಸದ ಅಂಚಿನ ಚೂರು, ಸಂಜೆ ಹಾಲು. ಇಷ್ಟು ತಿಂದ ಬೆಕ್ಕು ಅವಳ ಬಿಸ್ಕೆಟ್ಟನ್ನು ಏಕೆ ಮುಟ್ಟಬೇಕು? ವರ್ಷಗಟ್ಟಲೆ ಅವಳು ಅಂಗಡಿಯಿಂದ ಬೇರೆ ಬೇರೆ ಚೀಲ ಹೊತ್ತು ದಿಣ್ಣೆ ಹತ್ತಿ ಬರುವುದನ್ನು ಅವನು ನೋಡಿದ್ದ. ಪಾಪ ಎನಿಸುತ್ತಿತ್ತು, ಜೊತೆಗೆ ಅದರಲ್ಲಿ ಒಂದು ಗೆಲುವೂ ಇತ್ತು. ಆಮೇಲೆ, ಈ ವರ್ಷ, ಬೆಕ್ಕು ಅವನ ಸಾರ್ಡೀನನ್ನೂ ಮೂಸಿ ಬಿಡತೊಡಗಿತು. ಅದು ಎಲ್ಲೂ ತಿನ್ನುತ್ತಿಲ್ಲವೆಂದು ತಿಳಿಯಬಲ್ಲವನು ಅವನೊಬ್ಬನೇ ಆಗಿದ್ದ. ಅವಳಿಗೆ ತಿಳಿಯುವ ಹಾಗಿರಲಿಲ್ಲ. ಅವಳ ತಟ್ಟೆ ಎಂದಿನಂತೆ ಅರ್ಧ ತುಂಬಿಯೇ ಇತ್ತು.

ಡಾಕ್ಟರ್ ಬೆಕ್ಕಿನ ತುಟಿ ಎತ್ತಿ ಒಸಡು ನೋಡಿದಳು. ಆಲ್ವಿನ್‌ಗೆ ಮೇಜಿನ ಈಚೆಯಿಂದಲೇ ಕಂಡಿತು. ಗುಲಾಬಿಯಿರಬೇಕಾದ್ದು ತೊಳೆದ ಹತ್ತಿಯ ಬಣ್ಣಕ್ಕೆ ಬಂದಿತ್ತು. ಅದು ಬಂದು ಎರಡು ತಿಂಗಳಾಗಿತ್ತೆಂದೂ ಅವನಿಗೆ ಗೊತ್ತಿತ್ತು. ಬೆಕ್ಕು ಆಕಳಿಸಿದಾಗ ಒಂದೊಂದು ಛಾಯೆ ಇಳಿಯುವುದನ್ನು, ಬಣ್ಣದ ತೊಟ್ಟಿಯಲ್ಲಿ ನೂಲು ನೋಡುವ ಹಾಗೆ, ನೋಡುತ್ತ ಕೂತಿದ್ದ.

"ಹಲ್ಲು ಬಹಳ ಕೆಟ್ಟಿದೆ. ಎರಡು ವರ್ಷದ ಹಿಂದೇನೇ ಕೀಳ್ಸಬೇಕು ಅಂತ ಇಲ್ಲಿ ಬರ್ದಿದೆ."

ಹಲೀನಾಳ ಕುತ್ತಿಗೆ ಕೆಂಪಾಯಿತು. "ಆಗ ನಮ್ಮನೆಯವ್ರು ಆಸ್ಪತ್ರೇಲಿದ್ರು. ಆಮೇಲೆ ಅವ್ರು ಹೋದ್ರು. ಆಮೇಲೆ... ನಂಗೆ ಮರ್ತೇಹೋಯ್ತು ಡಾಕ್ಟ್ರೇ. ಅದ್ರಿಂದ ಹೀಗಾಯ್ತಾ?"

"ಅದೊಂದ್ರಿಂದ್ಲೇ ಅಂತ ಹೇಳಕ್ಕಾಗಲ್ಲ. ಒಸಡಿನ ಕೊಳೆ ಮೂತ್ರಪಿಂಡಕ್ಕೆ ಒಳ್ಳೇದಲ್ಲ, ಅಷ್ಟು ಹೇಳ್ಬಹುದು. ವಯಸ್ಸು ಹದಿನೈದು. ಮುಂಚೆ ಒಂದ್ಸಲ ಮೂತ್ರ ಕಟ್ಟಿತ್ತು ಅಂತಾನೂ ಇದೆ. ಎಲ್ಲಾ ಸೇರ್ಕೊಳತ್ತೆ."

ಹಲೀನಾ ತಲೆ ತಗ್ಗಿಸಿದಳು. ತಪ್ಪಿನ ಒಂದು ಪಾಲು ಅವಳ ಹೆಸರಿಗೂ ಬಂದದ್ದನ್ನು ಕಂಡು ಆಲ್ವಿನ್‌ಗೆ ಹಗುರಾಯಿತು. ಹಗುರಾದದ್ದು ಗೊತ್ತಾಗಿ ಮತ್ತೆ ಗೋಡೆಯ ಚಿತ್ರಪಟದ ಕಡೆ ತಿರುಗಿದ. ಡಾಕ್ಟರ್ ಬೆಕ್ಕಿನ ಹೊಟ್ಟೆಯನ್ನು ಎರಡೂ ಕಡೆಯಿಂದ ಒತ್ತಿ, ಕಣ್ಣು ಮುಚ್ಚಿಕೊಂಡು, ಬೆರಳಲ್ಲೇ ಒಳಗಿನದನ್ನು ಹುಡುಕುತ್ತಿದ್ದಳು.

"ಒಂದು ಮೂತ್ರಪಿಂಡ ಚಿಕ್ಕದಾಗಿದೆ, ಇನ್ನೊಂದು ಸರಿಯಾಗೇ ಸಿಗ್ತಿದೆ. ಈಗ ಇದು ಮುಖ್ಯ, ಸ್ವಲ್ಪ ಯೋಚ್ನೆ ಮಾಡಿ ಹೇಳಿ. ಇತ್ತೀಚೆಗೆ ನೀರು ಜಾಸ್ತಿ ಕುಡೀತಿತ್ತಾ?"

"ಇಲ್ಲ," ಎಂದಳು ಹಲೀನಾ. ಅವಳಿಗೆ ಖಚಿತವಿತ್ತು. "ನೀರು ಮುಟ್ಟೋದೇ ಇಲ್ಲ ಅವನು. ಬೆಳಿಗ್ಗೆ ಇಟ್ಟದ್ದು ಸಂಜೆ ಹಾಗೇ ಇರತ್ತೆ."

"ಖಂಡಿತಾನಾ?"

"ಖಂಡಿತ. ದಿನಾ ನಾನೇ ಚೆಲ್ತೀನಲ್ಲ."

ಬೆಕ್ಕು ಅವನ ಹಿತ್ತಿಲಿಗೆ ಊಟಕ್ಕಲ್ಲದೆ ನೀರಿಗಾಗಿಯೇ ಬರತೊಡಗಿದ್ದು ಈ ವರ್ಷ ಫೆಬ್ರವರಿಯಲ್ಲಿ. ಬೇಸಿಗೆ ಎಂದುಕೊಂಡಿದ್ದ. ಮಾರ್ಚ್‌ನಲ್ಲಿ ಬಟ್ಟಲು ಮಧ್ಯಾಹ್ನಕ್ಕೇ ಖಾಲಿಯಾಯಿತು. ಮೇ ತಿಂಗಳಲ್ಲಿ, ಹಿತ್ತಿಲಲ್ಲಿ ಮಂಜು ಗಟ್ಟಿಯಾಗುವ ದಿನಗಳಲ್ಲೂ, ಬೆಕ್ಕು ದಿನಕ್ಕೆ ಐದು ಸಲ, ಆರು ಸಲ ಬಂದು ಮುಂಗಾಲು ಮಡಚಿ ಕೂತು ಕುಡಿಯುತ್ತಿತ್ತು, ನಾಲಿಗೆಯ ಸದ್ದು ಅಡಿಗೆಮನೆಯವರೆಗೆ ಕೇಳುತ್ತಿತ್ತು. ಕುಡಿದ ಮೇಲೆ ಒಳಗೆ ಬಂದು ಅವನ ಕಾಲಿಗೆ ಮೈ ಒರಸಿ ಒಂದರ್ಧ ಗಂಟೆ ಇರುತ್ತಿತ್ತು. ಆ ಅರ್ಧ ಗಂಟೆಗಳು ದಿನಕ್ಕೆ ಆರಾದವು. ಅಷ್ಟು ಸಲ ಯಾರೂ ಆ ಮನೆಗೆ ಬಂದಿರಲಿಲ್ಲ. ಅದಕ್ಕೆ ಏನೋ ಕಾಯಿಲೆಯಿದೆ ಎಂದು ಅವನಿಗೆ ಹೊಳೆದಿತ್ತು. ಹೊಳೆದದ್ದನ್ನು ಹಾಗೇ ಪಕ್ಕಕ್ಕೆ ಸರಿಸಿ, ಅಳತೆಯ ಜಗ್ಗಿನಲ್ಲಿ ನೀರು ಹಿಡಿದು ತುಂಬಿಸಿದ್ದ. ಅಳೆಯುವುದು ಹಳೆಯ ಅಭ್ಯಾಸ. ನಿನ್ನೆಗಿಂತ ಹತ್ತು ಮಿಲಿಲೀಟರ್ ಹೆಚ್ಚು ಹೋಗಿದ್ದರೆ ಅವನಿಗೆ ಖುಷಿಯಾಗುತ್ತಿತ್ತು. ಈಗ, ಈ ಬಿಳಿ ದೀಪದ ಕೆಳಗೆ, ಆ ಪದವನ್ನು ಅವನು ಬದಲಿಸಿ ನೋಡಿದ, ಸಮಾಧಾನ, ರೂಢಿ, ಲೆಕ್ಕಾಚಾರ; ಯಾವುದೂ ಕೂರಲಿಲ್ಲ. ಖುಷಿಯೇ ಆಗುತ್ತಿತ್ತು.

ಡಾಕ್ಟರ್ ಕೈಗವಸು ಕಳಚಿದಳು. "ಬಾಯಾರಿಕೆ ಇರ್ಲಿಲ್ಲ ಅಂದ್ರೆ ಇದು ಹಳೇ ಕಾಯಿಲೆ ಅಲ್ಲ, ಒಂದೆರಡು ದಿನದಲ್ಲಿ ಆಗಿದ್ದು ಅನ್ಕೋಬೇಕಾಗತ್ತೆ. ವಿಷ ಏನಾದ್ರೂ ಸೇರಿರ್ಬಹುದು. ಅಕ್ಕಪಕ್ಕ ಯಾರ ಮನೇಲಾದ್ರೂ ಲಿಲಿ ಹೂವು ಇದೆಯಾ? ಒಂದು ಎಸಳು ನೆಕ್ಕಿದ್ರೂ ಬೆಕ್ಕಿನ ಮೂತ್ರಪಿಂಡ ಹೋಗತ್ತೆ."

ಹಲೀನಾ ತಲೆಯೆತ್ತಿದಳು. "ಗ್ಲೆನಿಸ್! ಎದುರುಮನೆ ಗ್ಲೆನಿಸ್. ಅವಳ ಅಂಗಳದ ತುಂಬಾ ಅದೇ. ನನ್ನ ಹೂವಿನ ಪಾತೀಲಿ ನಿಮ್ಮ ಬೆಕ್ಕು ಹೇಲಿಡತ್ತೆ ಅಂತ ಈಸ್ಟರ್ ಟೈಮಲ್ಲಿ ಜಗಳಕ್ಕೆ ಬಂದಿದ್ಲು. ಬೇಕಂತಲೇ ಮಾಡಿರ್ತಾಳೆ. ಅಲ್ವಾ ಆಲ್ವಿನ್? ನೀವೂ ಇದ್ರಲ್ಲ ಅವತ್ತು, ಕೇಳಿಸ್ಕೊಂಡ್ರಲ್ಲ?"

"ಕೂಗಾಡಿದ್ರು," ಎಂದ ಆಲ್ವಿನ್.

"ನೋಡಿ! ಬಿಡಲ್ಲ ನಾನು ಅವಳನ್ನ."

"ಹಾಗಿದ್ರೆ ಸಮಯ ಇಲ್ಲ," ಎಂದಳು ಡಾಕ್ಟರ್. "ಹೋಬಾರ್ಟ್‌ನ ದೊಡ್ಡ ಆಸ್ಪತ್ರೆಗೆ ಈಗ್ಲೇ ಕರ್ಕೊಂಡು ಹೋಗ್ಬೇಕಾಗತ್ತೆ. ಎರಡೂವರೆ ಗಂಟೆ ದಾರಿ. ದಾರೀಲಿ ತಡ್ಕೊಳ್ಳತ್ತೋ ಇಲ್ವೋ ಹೇಳಕ್ಕಾಗಲ್ಲ, ಆದ್ರೆ ವಿಷ ಆಗಿದ್ರೆ ಅದೊಂದೇ ದಾರಿ. ಫೋನ್ ಮಾಡ್ತೀನಿ." ಅವಳು ಗೋಡೆಯ ಫೋನಿಗೆ ಕೈ ಚಾಚಿದಳು.

ಗಿರಣಿಯಲ್ಲಿ ಒಮ್ಮೆ ನೀಲಿ ಕಂಬಳಿಯ ಇಡೀ ಒಂದು ತೊಟ್ಟಿ ಹಸಿರಿಗೆ ತಿರುಗಿತ್ತು. ಬಣ್ಣದ ರಾಸಾಯನಿಕ ಅಳೆದವನು ಆಲ್ವಿನ್. ಅಳೆಯುವಾಗಲೇ ಏನೋ ಹೆಚ್ಚುಕಡಿಮೆಯಾಗಿದೆ ಎಂದು ಅವನ ಕಣ್ಣಿಗೆ ಬಿದ್ದಿತ್ತು, ಒಣಗಿದ ಮೇಲೆ ಸರಿಹೋದೀತು ಎಂದುಕೊಂಡಿದ್ದ. ಮೇಲ್ವಿಚಾರಕ ಬಂದು ಕೇಳಿದಾಗ ಕೆಲ್ವಿನ್ ಡಾಬ್ಸ್ ಎಂಬವನ ಹೆಸರು ಯಾರದೋ ಬಾಯಿಂದ ಬಂತು. ಆಲ್ವಿನ್ ಆ ಹೆಸರು ಹೇಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಡಾಬ್ಸ್‌ನನ್ನು ಉಣ್ಣೆ ಮೂಟೆ ಇಳಿಸುವ ಅಂಗಳಕ್ಕೆ ಹಾಕಿದರು. ಹನ್ನೊಂದು ವರ್ಷ ಅವನು ಅಲ್ಲಿ ಚಳಿಯಲ್ಲಿ ಕೆಲಸ ಮಾಡಿದ, ಎದುರಾದಾಗಲೆಲ್ಲ "ಹೇಗಿದೀಯ ಆಲ್ವಿನ್" ಎಂದು ಕೇಳುತ್ತಿದ್ದ. ಆ ಪ್ರಶ್ನೆಯಲ್ಲಿ ಏನಾದರೂ ಇದೆಯೇ ಎಂದು ಅವನು ಪ್ರತಿ ಸಲವೂ ಹುಡುಕುತ್ತಿದ್ದ. ಏನೂ ಇರುತ್ತಿರಲಿಲ್ಲ.

"ಕುಡೀತಿತ್ತು," ಎಂದ ಆಲ್ವಿನ್.

ಡಾಕ್ಟರ್ ಫೋನ್ ಹಿಡಿದುಕೊಂಡೇ ತಿರುಗಿದಳು.

"ನೀರು. ದಿನಕ್ಕೆ ಮುನ್ನೂರೈವತ್ತು ಮಿಲಿ. ಒಂದಿಷ್ಟು ಆವಿಯಾಗಿರ್ಬಹುದು, ಅದನ್ನ ಕಳೀಬೇಕು. ಫೆಬ್ರವರಿಯಿಂದ." ತನ್ನ ಧ್ವನಿ ವರದಿ ಓದಿದ ಹಾಗಿದೆ ಎಂದು ಅವನಿಗೇ ಕೇಳಿಸಿತು.

"ಎಲ್ಲಿ?" ಎಂದಳು ಡಾಕ್ಟರ್.

"ನಮ್ಮನೇಲಿ. ಹಿತ್ತಿಲ ಮೆಟ್ಟಿಲ ಮೇಲೆ."

"ಊಟ?"

ಅವನು ಹೇಳಿದ. ಸಾರ್ಡೀನ್, ಹಂದಿಮಾಂಸ, ಹಾಲು. ಯಾವಾಗ ಬಿಟ್ಟಿತು, ಒಸಡು ಯಾವಾಗಿಂದ ಬಿಳಿಚಿತು, ಎಲ್ಲ ಹೇಳಿದ. ಡಾಕ್ಟರ್ ಫೋನಿಟ್ಟು ಬರೆದುಕೊಳ್ಳತೊಡಗಿದಳು. ಅವಳ ಮುಖದಲ್ಲಿ ಬೈಗುಳವೇನೂ ಇರಲಿಲ್ಲ, ಬೇಕಾದ ಕಾಗದ ಕೊನೆಗೂ ಸಿಕ್ಕಿದವಳ ಹಾಗಿದ್ದಳು. "ಎಷ್ಟು ವರ್ಷದಿಂದ ನಿಮ್ಮನೇಲಿ ತಿಂತಿದೆ?" ಎಂದು ತಲೆಯೆತ್ತದೆ ಕೇಳಿದಳು.

"ಒಂಬತ್ತು."

ಡಾಕ್ಟರ್ ರಕ್ತ ತೆಗೆಯಲು ಬೆಕ್ಕನ್ನು ಒಳಕೋಣೆಗೆ ಎತ್ತಿಕೊಂಡು ಹೋದಳು, ಬಾಗಿಲು ಮುಚ್ಚಿತು. ಮೇಜಿನ ಮೇಲೆ ನಾಲ್ಕೈದು ಬೂದು ರೋಮ ಉಳಿದಿದ್ದವು. ಹಲೀನಾ ಅವನ್ನು ಬೆರಳಿನಿಂದ ಒಂದೊಂದಾಗಿ ಒತ್ತಿ ತೆಗೆದು ಗುಡ್ಡೆ ಮಾಡಿದಳು.

"ನಾನು ಫೋಟೋ ಹಿಡ್ಕೊಂಡು ಬಂದಿದ್ದೆ."

"ಹೌದು."

"ಆವಾಗ?"

"ಒಳಗಿತ್ತು."

"ಜೆನೊನ್‌ಗೆ ಆಮೇಲೆ ಮೂರು ವಾರ ಸೊಂಟ ಎತ್ತಕ್ಕಾಗ್ಲಿಲ್ಲ, ಗೊತ್ತಾ ನಿಮಗೆ? ಗೊತ್ತಿರತ್ತೆ. ಸೂಪು ತಂದುಕೊಟ್ಟಿದ್ರಿ ನೀವು."

ಸೂಪು ಒಯ್ದದ್ದನ್ನು ಅವನು ಮರೆತಿದ್ದ. ಬಟಾಣಿಯ ಸೂಪು. ಅದನ್ನು ಕುಡಿದು ಜೆನೊನ್ ಪಾತ್ರೆ ತೊಳೆಸಿ, ಒಳಗೊಂದು ಜೇನಿನ ಸೀಸೆ ಇಟ್ಟು ಹಿಂದಿರುಗಿಸಿದ್ದ. ತಪ್ಪಾಯಿತು ಎನ್ನಲು ಇದು ಸರಿಯಾದ ಹೊತ್ತು ಎಂದು ಆಲ್ವಿನ್‌ಗೆ ತಿಳಿದಿತ್ತು. ಆದರೆ ಆ ಮಾತು ಒಸಡಿನ ಬಣ್ಣದಷ್ಟು, ಮಿಲಿಲೀಟರಿನಷ್ಟು ಸುಲಭವಾಗಿ ಬಾಯಿಗೆ ಬರಲಿಲ್ಲ. ಬರುವಷ್ಟರಲ್ಲಿ ಡಾಕ್ಟರ್ ಬಂದಳು.

ಹಳೆಯ ಕಾಯಿಲೆಯೇ. ಮೂರನೆಯ ಹಂತ. ಹೋಬಾರ್ಟ್ ಬೇಡ. ಎರಡು ದಿನ ಇಲ್ಲೇ ಡ್ರಿಪ್ ಹಾಕುತ್ತೇವೆ, ಆಮೇಲೆ ಮನೆಗೆ. ಉಪ್ಪಿಲ್ಲದ, ಮಾಂಸ ಕಡಿಮೆಯಿರುವ ಒಂದೇ ಊಟ, ಒಂದೇ ಮನೆಯಲ್ಲಿ. ತಿಂಗಳುಗಳು ಸಿಗಬಹುದು, ವರ್ಷವೂ ಸಿಗಬಹುದು.

"ಮುಂಚೇನೇ ಬಂದಿದ್ರೆ?" ಎಂದು ಕೇಳಿದಳು ಹಲೀನಾ. ಆಲ್ವಿನ್ ಕಡೆ ನೋಡಲಿಲ್ಲ.

ಡಾಕ್ಟರ್ ಬರೆದುಕೊಂಡ ಹಾಳೆಯನ್ನು ಮಡಚಿದಳು. "ಬೇಸಿಗೇಲಿ ಬಂದಿದ್ರೆ ಇನ್ನಷ್ಟು ಕಾಲ ಸಿಗ್ತಿತ್ತು. ಎಷ್ಟು ಅಂತ ನಾನು ಹೇಳಲ್ಲ."

ಹಿಂದಿರುಗುವಾಗ ಹಲೀನಾ ಖಾಲಿ ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿಟ್ಟು ತಾನು ಹಿಂದೆ ಕೂತಳು. ಆಲ್ವಿನ್ ಟ್ಯಾಕ್ಸಿಯವನ ಹಾಗೆ ದಿಣ್ಣೆ ಹತ್ತಿಸಿದ. ಇಳಿಯುವಾಗ ಅವಳು "ಥ್ಯಾಂಕ್ಸ್" ಎಂದಳು, ಟ್ಯಾಕ್ಸಿಯವನಿಗೆ ಹೇಳುವ ಹಾಗೆಯೇ. ಎರಡು ದಿನದ ನಂತರ ತನ್ನ ಕಾರಿನಲ್ಲಿ ತಾನೇ ಹೋಗಿ ಬೆಕ್ಕನ್ನು ತಂದಳು. ಅದನ್ನು ಹೊರಗೆ ಬಿಡಲಿಲ್ಲ. ಅವಳ ಅಡಿಗೆಮನೆಯ ಕಿಟಕಿಯಲ್ಲಿ ಅದು ಕೂತಿರುವುದು ಅವನಿಗೆ ಕಾಣುತ್ತಿತ್ತು, ಗಾಜಿನ ಮೇಲೆ ಉಸಿರಿನ ಮಸುಕು ಸಮೇತ. ಅವನು ಕಪಾಟಿನ ಸಾರ್ಡೀನ್ ಡಬ್ಬಗಳನ್ನು ತಾನೇ ತಿಂದು ಮುಗಿಸಿದ, ಬೆಳಿಗ್ಗೆ ಒಂದು, ಬ್ರೆಡ್ಡಿನ ಜೊತೆ. ಮನೆಯಲ್ಲಿ ಸದ್ದು ಕಡಿಮೆಯಾಯಿತು ಎನ್ನುವಂತಿರಲಿಲ್ಲ. ಬೆಕ್ಕು ಎಂದೂ ಸದ್ದು ಮಾಡಿದ್ದಲ್ಲ. ಹನ್ನೆರಡು ದಿನ ಹೀಗೆ ಕಳೆಯಿತು.

ಹದಿಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು.

"ಆಲ್ವಿನ್, ನಿಮ್ಮ ಕೈ ನಡುಗತ್ತಾ?"

ಅವನಿಗೆ ಅರ್ಥವಾಗಲಿಲ್ಲ. "ಇಲ್ಲ," ಎಂದ.

"ನಂದು ನಡುಗತ್ತೆ. ಹೋದ ವರ್ಷದಿಂದ. ಬೊಲೆಕ್‌ಗೆ ವಾರಕ್ಕೆ ಎರಡು ಸಲ ಚರ್ಮದ ಕೆಳಗೆ ನೀರು ಕೊಡ್ಬೇಕಂತೆ, ಸೂಜೀಲಿ. ಪ್ರತಿ ಸಲ ಅಷ್ಟು ದೂರ ಕರ್ಕೊಂಡು ಹೋದ್ರೆ ಹೆದರಿ ಕಾರಲ್ಲೇ ಉಚ್ಚೆ ಹುಯ್ಕೊಳ್ತಾನೆ. ಒಬ್ರು ಹಿಡ್ಕೋಬೇಕು, ಒಬ್ರು ಚುಚ್ಬೇಕು. ಗ್ಲೆನಿಸ್‌ನ ಕೇಳ್ದೆ. ರಕ್ತ ಅಂದ್ರೆ ತಲೆ ತಿರುಗತ್ತಂತೆ ಅವಳಿಗೆ." ಆಚೆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು. "ಬೇರೆ ಯಾರಾದ್ರೂ ಇದ್ದಿದ್ರೆ ನಿಮ್ಮನ್ನ ಕೇಳ್ತಿರ್ಲಿಲ್ಲ."

ಬೊಲೆಕ್ ಮುಂದೆ ಹನ್ನೊಂದು ತಿಂಗಳು ಬದುಕಿತು. ಅಷ್ಟೂ ಕಾಲ ಮಂಗಳವಾರ ಮತ್ತು ಶನಿವಾರ ಆಲ್ವಿನ್ ಆ ಅಡಿಗೆಮನೆಗೆ ಹೋದ. ಆದರೆ ಆ ಮೊದಲ ದಿನ ಅವನಿಗೆ ಅಲ್ಲಿ ಎಲ್ಲಿ ನಿಲ್ಲಬೇಕೆಂದೂ ತಿಳಿಯಲಿಲ್ಲ. ಇಪ್ಪತ್ತು ವರ್ಷದ ನೆರೆಯಲ್ಲಿ ಅವನು ಬಾಗಿಲಿನಿಂದ ಒಳಗೆ ಬಂದವನಲ್ಲ. ಹಲೀನಾ ದ್ರವದ ಚೀಲವನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಕಪಾಟಿನ ಹಿಡಿಗೆ ನೇತುಹಾಕಿದ್ದಳು. ಮೇಜಿನ ಮೇಲೆ ಟವೆಲ್, ಅದರ ಮೇಲೆ ಬೆಕ್ಕು. ಅವಳು ಅದರ ತಲೆಯನ್ನು ಎದೆಗೊತ್ತಿ ಹಿಡಿದು ಪೋಲಿಷ್ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಡಾಕ್ಟರ್ ಕೊಟ್ಟ ಹಾಳೆಯಲ್ಲಿದ್ದಂತೆ ಅವನು ಹೆಗಲಿನ ನಡುವಿನ ಚರ್ಮವನ್ನು ಡೇರೆಯ ಹಾಗೆ ಎತ್ತಿ ಚುಚ್ಚಿದ. ಸೂಜಿ ಇನ್ನೊಂದು ಕಡೆಯಿಂದ ಹೊರಬಂತು. ನೀರು ಟವೆಲ್ಲಿಗೆ, ಅಲ್ಲಿಂದ ಅವಳ ತೋಳಿಗೆ ಹರಿಯಿತು.

"ಆಚೆ ಕಡೆ ಬಂತು," ಎಂದಳು ಅವಳು.

"ಗೊತ್ತಾಯ್ತು."

"ಇನ್ನೊಂದ್ಸಲ ಹಾಕಿ. ಸಿಟ್ಟು ಮಾಡ್ಕೊಳ್ಳಲ್ಲ ಅವನು."

ಎರಡನೆಯ ಸಲ ಸರಿಯಾಗಿ ಕೂತಿತು. ಕೊಳವೆಯೊಳಗೆ ಹನಿ ಬೀಳತೊಡಗಿತು, ಬೆಕ್ಕಿನ ಹೆಗಲ ಮೇಲೆ ಮೆಲ್ಲಗೆ ಒಂದು ಉಬ್ಬು ಎದ್ದಿತು. ಇಬ್ಬರೂ ಚೀಲದ ಮೇಲಿನ ಗೆರೆಗಳನ್ನು ನೋಡುತ್ತ ನಿಂತರು.

"ನಿಮ್ಮನೇಲಿ ಎಲ್ಲಿ ಮಲಗ್ತಿದ್ದ?" ಎಂದು ಕೇಳಿದಳು ಹಲೀನಾ.

"ಹಾಸಿಗೆ ಮೇಲೆ. ಕಾಲ ಹತ್ರ."

"ದಿನಾ?"

"ಮುಂಚೆ ಅಪರೂಪಕ್ಕೆ. ಈ ಎರಡು ವರ್ಷ ದಿನಾ."

ಅವಳು ಬೆಕ್ಕಿನ ಕಿವಿಯ ಹಿಂದೆ ಹೆಬ್ಬೆರಳಿಟ್ಟಿದ್ದಳು. ಬೆರಳು ಎಂದಿನಂತೆ ಸಣ್ಣಗೆ ನಡುಗುತ್ತಿತ್ತು.

"ಜೆನೊನ್ ಹೋದ್ಮೇಲೆ ಇವನು ಇಲ್ಲಿ ಮಲಗೋದೇ ಬಿಟ್ಟ. ಸಂಜೆ ಆಗ್ತಿದ್ದಂಗೆ ಹೊರಗೆ ಹೋಗ್ತಿದ್ದ, ಬೆಳಿಗ್ಗೆ ಬರ್ತಿದ್ದ. ಯಜಮಾನರನ್ನ ಹುಡುಕ್ತಾ ಅಲೀತಾನೆ ಅನ್ಕೊಂಡಿದ್ದೆ ನಾನು. ನನ್ನ ತಂಗಿಗೆ ಕಾಗದ ಬರೆದಿದ್ದೆ, ನೋಡು, ಬೆಕ್ಕಿಗೂ ಎಷ್ಟು ದುಃಖ ಅಂತ." ಅವಳು ಬೆಕ್ಕಿನ ತಲೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಅದೊಂದು ನಂಗೆ ಎಷ್ಟು ಆಸರೆ ಆಗಿತ್ತು ಗೊತ್ತಾ?"

ಆಲ್ವಿನ್ ಅವಳ ಮುಖ ನೋಡಿದ. ಅವಳು ಅಳುತ್ತಿರಲಿಲ್ಲ, ಉತ್ತರಕ್ಕೆ ಕಾಯುತ್ತಲೂ ಇರಲಿಲ್ಲ. ಅವಳ ಕಣ್ಣು ಚೀಲದ ಮೇಲಿತ್ತು. ಅದರಲ್ಲಿ ಇನ್ನೂ ಐವತ್ತು ಮಿಲಿ ಒಳಹೋಗಬೇಕಿತ್ತು.

"ಕೈ ಅಲ್ಲಾಡಿಸ್ಬೇಡಿ," ಎಂದಳು.

ಅವನು ಅಲ್ಲಾಡಿಸಲಿಲ್ಲ.